ಬಾಯಲ್ಲಿ ಬಂದ ಕಥೆ ಬರವಣಿಗೆಗೆ ಏಕೆ ಬರುವುದಿಲ್ಲ? ಚಿಕ್ಕ ಮಕ್ಕಳಿಗೆ ಕಥೆಯ ತಯಾರಿ ಕಲಿಸುವ ಬಗ್ಗೆ

ತೊಗರಿಹೊಲ, ಚಿತ್ತಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ ನೋಡಿಕೊಳ್ಳುತ್ತೇನೆ. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ನನ್ನ ಪ್ರಶ್ನೆ ಮೂರನೇ ತರಗತಿಯವರ ಬಗ್ಗೆ.

ಎಳ್ಳ ಅಮಾವಾಸ್ಯೆಯ ಮರುದಿನ ತರಗತಿಯಲ್ಲಿ ಮಾತೇ ಮಾತು. ಒಬ್ಬ ಹುಡುಗ ಎದ್ದು ನಿಂತು ಹೇಳತೊಡಗಿದ. ಚಕ್ಕಡಿಯಲ್ಲಿ ಅಂಬಲಿಯ ಗಡಿಗೆಯನ್ನು ತಾನೇ ಹಿಡಿದುಕೊಳ್ಳುತ್ತೇನೆ ಎಂದು ಹಟ ಮಾಡಿದ್ದು, ಹಳ್ಳ ದಾಟುವಾಗ ಗಾಲಿ ಕುಲುಕಿ ಅರ್ಧ ಅಂಬಲಿ ಅಜ್ಜನ ಹೊಸ ಧೋತರದ ಮೇಲೆ ಸುರಿದದ್ದು, ಬೈಗುಳಕ್ಕೆ ಹೆದರಿ ತೊಗರಿ ಸಾಲಿನಲ್ಲಿ ಅಡಗಿ ಕುಳಿತದ್ದು, ಎಲ್ಲರೂ ಚರಗ, ಅಂದರೆ ಭೂಮಿತಾಯಿಗೆ ಕೊಡುವ ಎಡೆ, ಚೆಲ್ಲುತ್ತಾ ಹೊಲ ಸುತ್ತುವಾಗ ಅಜ್ಜನ ಕಾಲು ತನ್ನ ಪಕ್ಕದಲ್ಲೇ ಹಾದುಹೋದದ್ದು. ತರಗತಿಯಲ್ಲಿ ಒಬ್ಬರೂ ಅಲುಗಾಡಲಿಲ್ಲ. "ಇದನ್ನೇ ಬರೆದುಕೊಂಡು ಬಾರಪ್ಪ" ಎಂದೆ. ಅವನು ಬರೆದು ತಂದದ್ದು ಇಷ್ಟು: "ನಾವು ಹೊಲಕ್ಕೆ ಹೋದೆವು. ಊಟ ಮಾಡಿದೆವು. ಮನೆಗೆ ಬಂದೆವು."

ಗಡಿಗೆ ಎಲ್ಲಿ ಹೋಯಿತು, ಅಜ್ಜ ಎಲ್ಲಿ ಹೋದ? ಉಳಿದ ಮಕ್ಕಳದೂ ಇದೇ ಕಥೆ. ಕಲ್ಪಿಸಿ ಬರೆಯಿರಿ ಎಂದರೆ ಒಂದು ಊರು, ಒಬ್ಬ ರಾಜ, ಅವನಿಗೆ ಇಬ್ಬರು ಹೆಂಡತಿಯರು, ಅಲ್ಲಿಗೆ ಮುಗಿಯಿತು. ಪ್ರಬಂಧಕ್ಕೆ ಕೊಡುವ ಹಾಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಹಲಗೆಯ ಮೇಲೆ ಬರೆದುಕೊಟ್ಟರೆ ಮಕ್ಕಳು ಆ ಮೂರು ಪದಗಳನ್ನು ಮುದ್ದಾಗಿ ನಕಲು ಮಾಡಿ ಸುಮ್ಮನೆ ಕುಳಿತುಕೊಳ್ಳುತ್ತಾರೆ. ಬರೆಯುವ ಮೊದಲು ಕಥೆಯನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದನ್ನು ಇಷ್ಟು ಚಿಕ್ಕವರಿಗೆ ಕಲಿಸಲು ಸಾಧ್ಯವೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಭೀಮಾತೀರ, ಯಾದಗಿರಿ

ಅಕ್ಕನವರೇ, ಖಂಡಿತ ಸಾಧ್ಯ. ಆ ಹುಡುಗನಿಗೆ ಕಥೆ ಗೊತ್ತಿದೆ, ಅಕ್ಷರವೂ ಗೊತ್ತಿದೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಕೇಳಿದ್ದೇ ಅವನಿಗೆ ಭಾರವಾಗಿದೆ. ಎಂಟು ವರ್ಷದ ಮಗು ಬರೆಯುವಾಗ ಒತ್ತಕ್ಷರ ನೆನಪಿಸಿಕೊಳ್ಳಬೇಕು, ಸಾಲು ಸೊಟ್ಟಗಾಗದಂತೆ ನೋಡಿಕೊಳ್ಳಬೇಕು, ಮುಂದೆ ಏನಾಯಿತು ಎಂಬುದನ್ನೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಇವುಗಳಲ್ಲಿ ಯಾವುದನ್ನಾದರೂ ಬಿಡಲೇಬೇಕಾಗಿ ಬಂದಾಗ ಮಗು ಕಥೆಯನ್ನು ಬಿಡುತ್ತದೆ, ಏಕೆಂದರೆ ಅಕ್ಷರ ತಪ್ಪಿದರೆ ಕೆಂಪು ಗೆರೆ ಬೀಳುತ್ತದೆ, ಕಥೆ ಬಿಟ್ಟರೆ ಯಾರೂ ಕೇಳುವುದಿಲ್ಲ. ಹಾಗಾಗಿ ಯೋಚಿಸುವ ಕೆಲಸ ಒಂದು ದಿನ, ಬರೆಯುವ ಕೆಲಸ ಇನ್ನೊಂದು ದಿನ ಎಂದು ಬೇರ್ಪಡಿಸಿ. ಮೊದಲ ದಿನ ಪೆನ್ಸಿಲ್‌ನಿಂದ ಒಂದು ಅಕ್ಷರವನ್ನೂ ಬರೆಸಬೇಡಿ.

ನಾನು ಶುರು ಮಾಡುವುದು ಕಾಗಕ್ಕ ಗುಬ್ಬಕ್ಕನ ಕಥೆಯಿಂದ. ಎಲ್ಲರಿಗೂ ಗೊತ್ತಿರುವ ಕಥೆ ಬೇಕು, ಇಲ್ಲದಿದ್ದರೆ ಮಕ್ಕಳ ಗಮನವೆಲ್ಲ ಕಥೆ ಕೇಳುವುದಕ್ಕೇ ಹೋಗುತ್ತದೆ. ಹೇಳಿ ಮುಗಿಸಿದ ಮೇಲೆ ಕೇಳುತ್ತೇನೆ: ಕಥೆಯಲ್ಲಿ ಯಾರಿದ್ದಾರೆ? ಕಾಗಕ್ಕನಿಗೆ ಏನು ಬೇಕು? ಯಾಕೆ ಬೇಕು? ಏನು ಅಡ್ಡ ಬಂತು? ಅವಳು ಏನೇನು ಮಾಡಿದಳು? ಕೊನೆಗೆ ಏನಾಯಿತು? ಎರಡನೆಯ ಪ್ರಶ್ನೆಗೆ ಮಕ್ಕಳು ಮೊದಲು "ಮನೆ ಬೇಕು" ಎನ್ನುತ್ತಾರೆ. ಇನ್ನೊಬ್ಬರು "ಅಲ್ಲ ಸರ್, ಬಾಗಿಲು ತೆಗೆಯಬೇಕು" ಎನ್ನುತ್ತಾರೆ. ಆ ಜಗಳ ನಡೆಯಲಿ ಬಿಡಿ. ಪಾತ್ರಕ್ಕೆ ಒಂದು ಬಯಕೆ ಇರುತ್ತದೆ ಎಂಬುದು ಅವರಿಗೆ ತಿಳಿಯುವುದು ಆ ಜಗಳದಲ್ಲೇ.

ಆಮೇಲೆ ಒಂದು ಹಾಳೆಯನ್ನು ಎರಡು ಸಲ ಮಡಚಿ ನಾಲ್ಕು ಚೌಕ ಮಾಡಿಸುತ್ತೇನೆ. ಮೊದಲನೆಯದರಲ್ಲಿ ಯಾರು, ಎಲ್ಲಿ, ಏನು ಬೇಕು. ಎರಡನೆಯದರಲ್ಲಿ ಅಡ್ಡಿ. ಮೂರನೆಯದರಲ್ಲಿ ಪಾತ್ರ ಮಾಡಿದ ಪ್ರಯತ್ನ. ನಾಲ್ಕನೆಯದರಲ್ಲಿ ಕೊನೆ. ಎಲ್ಲವೂ ಚಿತ್ರದಲ್ಲಿ. ಕಡ್ಡಿ ಮನುಷ್ಯ ಸಾಕು, ಬಣ್ಣ ಬೇಡ. ಬಣ್ಣದ ಪೆಟ್ಟಿಗೆ ಹೊರಗೆ ಬಂದರೆ ಪಿರಿಯಡ್ ಅಲ್ಲಿಗೇ ಮುಗಿಯುತ್ತದೆ.

ತುಂಬಿಸುವ ಕ್ರಮ ಮಾತ್ರ ಬೇರೆ: ಒಂದು, ಎರಡು, ನಾಲ್ಕು, ಕೊನೆಗೆ ಮೂರು. ಎಲ್ಲಿಗೆ ಮುಟ್ಟಬೇಕು ಎಂದು ಮೊದಲೇ ತಿಳಿದಿದ್ದರೆ ನಡುವಿನ ದಾರಿ ಮಗುವಿಗೆ ಹೊಳೆಯುತ್ತದೆ. ಕ್ರಮವಾಗಿ ಹೋದರೆ ಮೂರನೇ ಚೌಕದಲ್ಲಿ ಒಂದಾದ ಮೇಲೊಂದು ಘಟನೆ ಬಂದು ನಾಲ್ಕನೆಯದಕ್ಕೆ ಮುಟ್ಟುವುದೇ ಇಲ್ಲ, ಅಥವಾ "ಎಚ್ಚರವಾಯಿತು, ಅದೆಲ್ಲ ಕನಸು" ಎಂದು ಮುಗಿದುಬಿಡುತ್ತದೆ.

ನಿಮ್ಮ ಹುಡುಗನಿಗೆ ಇದನ್ನು ಹಾಕಿ ನೋಡಿ. ಅವನಿಗೆ ಏನು ಬೇಕಿತ್ತು? ಗಡಿಗೆ ಹಿಡಿಯುವಷ್ಟು ದೊಡ್ಡವನಾಗಿದ್ದೇನೆ ಎಂದು ತೋರಿಸಬೇಕಿತ್ತು. ಅಡ್ಡಿ ಹಳ್ಳ. ಕಥೆ ಆಗಲೇ ಸಿದ್ಧವಾಗಿ ಕುಳಿತಿದೆ.

ಆಳಂದದ ನಿವೃತ್ತ ಗುರು

ತಂಗಿ, ಎಲ್ಲರೂ ಪ್ರೀತಿಯಿಂದಲೇ ಬರೆಯುತ್ತಿದ್ದೀರಿ. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು. ಏಳೆಂಟು ವರ್ಷದ ಮಗುವಿನ ಕಲ್ಪನೆಗೆ ಚೌಕ ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಅಜ್ಜಿಯರು ಯಾವ ಹಾಳೆ ಮಡಚಿದ್ದರು? ಬೆಳದಿಂಗಳಲ್ಲಿ ಹೊರಸಿನ ಮೇಲೆ ಕುಳಿತು ಶುರು ಮಾಡಿದರೆ ಕಥೆ ತಾನಾಗಿ ಹರಿಯುತ್ತಿತ್ತು. ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ನಮ್ಮ ಕಡೆಗೂ ಬಂದಾಗ ನಮಗೆ ಹೇಳಿದ್ದು ಮಗು ತನ್ನ ವೇಗದಲ್ಲಿ ಕಲಿಯಲಿ ಎಂದು. ಈಗ ಕಥೆಗೂ ನಮೂನೆ ತುಂಬಿಸಿದರೆ ಅರ್ಜಿ ಬರೆಯುವುದಕ್ಕೂ ಕಥೆ ಬರೆಯುವುದಕ್ಕೂ ಏನು ವ್ಯತ್ಯಾಸ?

ಮಗುವಿಗೆ ಬೇಕಾದದ್ದು ಕಥೆ ಕೇಳುವ ಅವಕಾಶ. ದಿನಕ್ಕೊಂದು ಕಥೆಯನ್ನು ಬಾಯಿಂದ ಹೇಳಿ. ಓದಿ ಅಲ್ಲ, ಹೇಳಿ. ಒಂದು ವರ್ಷ ಹಾಗೆ ಮಾಡಿ ಆಮೇಲೆ ಬರೆಸಿ.

ಬಿದರಿಕಪ್ಪು, ಬೀದರ್

ಗುರುಗಳಿಗೆ ನಮಸ್ಕಾರ. ತಾವು ಹೇಳಿದ ಎರಡನೆಯ ಮಾತು, ದಿನಕ್ಕೊಂದು ಕಥೆ ಹೇಳಬೇಕು ಎಂಬುದು, ನೂರಕ್ಕೆ ನೂರು ಸರಿ. ಮೊದಲನೆಯದರ ಬಗ್ಗೆ ಒಂದು ಮಾತು ಹೇಳಲು ಅಪ್ಪಣೆ ಕೊಡಿ.

ನಮ್ಮ ಮನೆಯಲ್ಲಿ ಬಿದರಿ ಕೆಲಸ ನಡೆಯುತ್ತದೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಮೊಳೆಯಿಂದ ಬರಿಗೈಯಲ್ಲೇ ಬಳ್ಳಿ, ಎಲೆ, ಹೂವಿನ ಗೆರೆ ಎಳೆಯುತ್ತಾರೆ. ಗೆರೆ ಸೊಟ್ಟ ಬಂದರೆ ಮತ್ತೆ ಸವರಿ ಮತ್ತೆ ಎಳೆಯಬಹುದು. ಉಳಿಯಿಂದ ಕೆತ್ತಿ ಬೆಳ್ಳಿ ತಂತಿ ಕೂರಿಸುವುದು ಆಮೇಲಿನ ಕೆಲಸ. ಬೆಳ್ಳಿ ಕೂತ ಮೇಲೆ ಎಲ್ಲವನ್ನೂ ಉಜ್ಜಿದಾಗ ಆ ಮೊದಲ ಕಪ್ಪು ಪೂರ್ತಿ ಹೋಗುತ್ತದೆ. ಕೊನೆಗೆ ಉಳಿಯುವ ಕಪ್ಪು ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಂದದ್ದು. ಕೊಂಡವರಿಗೆ ಮೊದಲಿನ ಗೆರೆಯ ಸುಳಿವೂ ಸಿಗುವುದಿಲ್ಲ.

ಮಗುವಿನ ನಾಲ್ಕು ಚೌಕ ಆ ಮೊದಲ ಗೆರೆಗಳ ಹಾಗೆ, ಅಳಿಸಲಿಕ್ಕೆಂದೇ ಎಳೆದದ್ದು. ಅದನ್ನು ತಿದ್ದಿ ಅಂಕ ಕೊಟ್ಟರೆ ಮಾತ್ರ ಗುರುಗಳು ಹೇಳಿದ ಅರ್ಜಿ ನಮೂನೆ ಆಗುತ್ತದೆ. ಮಗು ಎರಡನೇ ದಿನ ಬಂದು "ಸರ್, ನನ್ನ ಕಥೆಯಲ್ಲಿ ಈಗ ನಾಯಿ ಇಲ್ಲ, ಕೋತಿ ಇದೆ" ಎಂದರೆ ಸಂತೋಷಪಡಬೇಕು.

ಕಾಗಕ್ಕ ಗುಬ್ಬಕ್ಕನ ಕಥೆ ಆರಿಸಿದ್ದು ನಮ್ಮ ಜಿಲ್ಲೆಗೂ ಒಳ್ಳೆಯದು. ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮನೆಯಲ್ಲಿ ಮರಾಠಿ ಮಾತನಾಡುವ ಮಕ್ಕಳಿಗೂ ಇದೇ ಕಥೆ ಗೊತ್ತಿರುತ್ತದೆ. ಅಲ್ಲಿ ಗುಬ್ಬಿಯದು ಮೇಣದ ಮನೆ, ಕಾಗೆಯದು ಸಗಣಿ ಮನೆ. ಯಾರ ಮನೆಯ ಗುಬ್ಬಿ ಎಂತಹ ಗೋಡೆ ಕಟ್ಟಿದೆ ಎಂದು ಕೇಳುವುದರಿಂದಲೇ ಪಾಠ ಶುರು ಮಾಡಬಹುದು.

ಆಳಂದದ ನಿವೃತ್ತ ಗುರು

ಬಿದರಿಯವರೇ, ಹೂಜಿಯ ಕೆಲಸವನ್ನು ಬಿಡಿಸಿ ಹೇಳಿದಿರಿ, ಸಂತೋಷ. ಅಜ್ಜಿಯ ಬಗ್ಗೆ ನಾನೇ ಇನ್ನಷ್ಟು ಯೋಚಿಸಿದೆ. ಅವಳ ಕಥೆಯಲ್ಲಿ ಮೂವರು ಅಣ್ಣತಮ್ಮಂದಿರು, ಮೂರು ಸಲ ಬಾಗಿಲು ಬಡಿಯುವುದು, ಪ್ರತಿ ಸಲವೂ ಅದೇ ಮಾತು, ಮೂರನೆಯ ಸಲ ಬೇರೆ ಉತ್ತರ. ಇದೂ ಒಂದು ಅಳತೆಯೇ. ಹಾಳೆಯಲ್ಲಿ ಇರಲಿಲ್ಲ, ಬಾಯಲ್ಲಿ ಇತ್ತು. ಹಾಗಾದರೆ ಮೂರನೇ ಚೌಕದಲ್ಲಿ ಒಂದೇ ಪ್ರಯತ್ನ ಏಕೆ? ಮಗು ಮೂರು ಸಲ ಪ್ರಯತ್ನಿಸಲಿ, ಎರಡು ಸಲ ಸೋಲಲಿ. ನಮ್ಮ ಜನಪದ ಕಥೆಯ ನಡೆ ಅದು, ಮಕ್ಕಳ ಕಿವಿಗೆ ಅಭ್ಯಾಸವೂ ಆಗಿದೆ. ಹಾಳೆ ಮಡಚಿ, ನಾನು ಬೇಡ ಎನ್ನುವುದಿಲ್ಲ. ಆದರೆ ಕಥೆ ಕೇಳಿರದ ಮಗುವಿನ ಮುಂದೆ ಖಾಲಿ ಚೌಕ ಇಡುವುದಕ್ಕೆ ನನ್ನ ವಿರೋಧ ಇದ್ದೇ ಇದೆ.

ಭೀಮಾತೀರ, ಯಾದಗಿರಿ

ಗುರುಗಳೇ, ಮೂರು ಸಲದ ಮಾತು ನಾಳೆಯಿಂದಲೇ ನನ್ನ ತರಗತಿಗೆ ಬರುತ್ತದೆ. ಒಂದನೇ ತರಗತಿಯವರಿಗೆ ಒಂದೇ ಪ್ರಯತ್ನ, ಮೂರನೆಯವರಿಗೆ ಮೂರು ಎಂದು ಇಟ್ಟುಕೊಳ್ಳುತ್ತೇನೆ.

ಕಾಗಿಣಾ ದಂಡೆ, ಸೇಡಂ ತಾಲ್ಲೂಕು

ನಾನು ತಾಂಡಾದ ಶಾಲೆಯಲ್ಲಿ ಇದ್ದೇನೆ, ನಾನೂ ತಾಂಡಾದಲ್ಲೇ ಹುಟ್ಟಿ ಬೆಳೆದವನು. ನಮ್ಮ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪಕ್ಕದ ಊರಿನ ಮಕ್ಕಳಿಗೆ ಮನೆಯಲ್ಲಿ ಉರ್ದು. ಕಥೆಯ ತಯಾರಿಯನ್ನು ಕನ್ನಡದಲ್ಲೇ ಮಾಡಬೇಕು ಎಂದು ಹಟ ಹಿಡಿದರೆ ಮಗು ತನಗೆ ಬರುವ ಕನ್ನಡ ಪದಗಳಷ್ಟೇ ಸಣ್ಣ ಕಥೆ ಕಟ್ಟುತ್ತದೆ. ಅದನ್ನು ನೋಡಿ ಮಗುವಿಗೆ ಕಲ್ಪನೆ ಇಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ಇದು ಅನ್ಯಾಯ, ಪ್ರತಿವರ್ಷ ನಡೆಯುತ್ತಿರುವ ಅನ್ಯಾಯ.

ಚಿತ್ರಕ್ಕೆ ಭಾಷೆ ಬೇಕಿಲ್ಲ. ಚಿತ್ರ ಬರೆದ ಮೇಲೆ ಅದನ್ನು ಮನೆಮಾತಿನಲ್ಲೇ ಗೆಳತಿಗೆ ಹೇಳಲಿ. ಹೇಳುವಾಗ ಸಿಕ್ಕಿಬಿದ್ದ ಜಾಗ ಎಲ್ಲಿ ಎಂದು ಅವರಿಗೇ ಗೊತ್ತಾಗುತ್ತದೆ. ಬೇಕಾದ ಕನ್ನಡ ಪದಗಳನ್ನು ಆಮೇಲೆ ಕೇಳುತ್ತಾರೆ. ಆಗ ಕಲಿತ ಪದ ಮರೆಯುವುದಿಲ್ಲ, ಏಕೆಂದರೆ ಅದು ತನ್ನ ಕಥೆಗೆ ಬೇಕಾಗಿ ಕೇಳಿದ ಪದ.

ಒಂದು ಹುಡುಗಿಯ ಹಾಳೆಯನ್ನು ಇಲ್ಲಿ ವಿವರಿಸುತ್ತೇನೆ. ದೀಪಾವಳಿ ಆದ ಮೇಲೆ ನಮ್ಮ ತಾಂಡಾದ ಅನೇಕ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಮೊದಲ ಚೌಕದಲ್ಲಿ ಒಂದು ಟೆಂಪೊ, ಅದರ ಮೇಲೆ ಹಾಸಿಗೆ, ಪಾತ್ರೆ, ಕೊಡ. ಪಕ್ಕದಲ್ಲಿ ಹುಡುಗಿ, ಕೈಯಲ್ಲಿ ಮೇಕೆ ಮರಿ. ಎರಡನೇ ಚೌಕದಲ್ಲಿ ಮರಿ ಹತ್ತಲೊಲ್ಲದೆ ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತಿದೆ, ಹಗ್ಗ ಬಿಗಿದು ನೇರವಾಗಿದೆ. ಆ ಹಗ್ಗವನ್ನು ಅವಳು ಎಷ್ಟು ಒತ್ತಿ ಬರೆದಿದ್ದಳೆಂದರೆ ಹಾಳೆ ತೂತಾಗಿತ್ತು. ಮೂರನೆಯದರಲ್ಲಿ ತೊಗರಿ ಹೊಟ್ಟು ತೋರಿಸುತ್ತಾಳೆ, ಎತ್ತಿಕೊಳ್ಳುತ್ತಾಳೆ, ತಾನೇ ಮೊದಲು ಹತ್ತಿ ಕರೆಯುತ್ತಾಳೆ. ನಾಲ್ಕನೇ ಚೌಕ ಖಾಲಿ. "ಇದು ಯಾಕೆ ಬಿಟ್ಟೆ?" ಎಂದು ಕೇಳಿದೆ. "ಇನ್ನೂ ಗೊತ್ತಿಲ್ಲ" ಎಂದಳು.

ಇಷ್ಟು ಚೆಂದದ ಹಾಳೆಯನ್ನು ಅಪೂರ್ಣ ಎಂದು ಹಿಂದಕ್ಕೆ ಕೊಡಲು ನನಗೆ ಮನಸ್ಸು ಬರಲಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಬಿದರಿಕಪ್ಪು, ಬೀದರ್

ಅಣ್ಣ, ನಾನಾಗಿದ್ದರೂ ಹಿಂದಕ್ಕೆ ಕೊಡುತ್ತಿರಲಿಲ್ಲ. ನಾನು ಅವಳ ಪಕ್ಕ ಕುಳಿತು ಎರಡು ಪ್ರಶ್ನೆ ಕೇಳುತ್ತಿದ್ದೆ. ಮರಿಗೆ ಏನು ಬೇಕು? ಹುಡುಗಿಗೆ ನಿಜವಾಗಿ ಏನು ಬೇಕು? ಬಹುಶಃ ಎರಡಕ್ಕೂ ಒಂದೇ ಉತ್ತರ ಬಂದೀತು. ಆ ಉತ್ತರದಿಂದಲೇ ನಾಲ್ಕನೇ ಚೌಕ ಬರುತ್ತದೆ. ಬೇರೆ ಮಕ್ಕಳಿಂದ ಕೊನೆ ಹೇಳಿಸಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಈ ಕಥೆ ಅವಳದು.

ಇಬ್ಬರ ತಾಯಿ, ಕಲಬುರಗಿ

ನಾನು ಶಿಕ್ಷಕಿ ಅಲ್ಲ. ಮಗಳು ಯುಕೆಜಿ, ಐದು ವರ್ಷ. ಮಗ ಎರಡನೇ ತರಗತಿ, ಇಂಗ್ಲಿಷ್ ಮಾಧ್ಯಮ. ಕಥೆ ಹೇಳು ಎಂದರೆ ಮೊಬೈಲ್‌ನಲ್ಲಿ ನೋಡಿದ್ದನ್ನೇ ಹೇಳುತ್ತಾರೆ. ಅದೇ ಹೆಸರುಗಳು, ಅದೇ ಹೊಡೆದಾಟ. ಸಂಜೆ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮಾತ್ರ ನನಗೆ ಅವರ ಜೊತೆ ಮಾತನಾಡಲು ಸಿಗುತ್ತದೆ, ಆಗ ಹಾಳೆ ಹಿಡಿಯಲು ಕೈ ಖಾಲಿ ಇರುವುದಿಲ್ಲ. ಇಷ್ಟು ಚಿಕ್ಕವರ ಜೊತೆ ಮನೆಯಲ್ಲಿ ಏನು ಮಾಡಬಹುದು?

ತೊಗರಿಹೊಲ, ಚಿತ್ತಾಪುರ ತಾಲ್ಲೂಕು

ಅಕ್ಕ, ರೊಟ್ಟಿ ಬಡಿಯುವ ಹೊತ್ತೇ ಬಹಳ ಒಳ್ಳೆಯದು. ಕೈಗೆ ಕೆಲಸ ಇರುತ್ತದೆ, ಬಾಯಿಗೆ ಬಿಡುವು. ಐದು ವರ್ಷದವಳಿಗೆ ಹಾಳೆಯೇ ಬೇಡ. ಅಡುಗೆಮನೆಯಲ್ಲಿರುವ ಒಂದು ವಸ್ತುವನ್ನು ಅವಳೇ ಆರಿಸಲಿ. ಒಂದು ಒಣ ಮೆಣಸಿನಕಾಯಿ ಎಂದುಕೊಳ್ಳಿ. "ಇದಕ್ಕೆ ಏನು ಬೇಕಂತೆ?" ಎಂದು ಕೇಳಿ. ಅವಳು "ಹೊರಗೆ ಹೋಗಬೇಕಂತೆ" ಎಂದರೆ, "ಯಾರು ಬಿಡುತ್ತಿಲ್ಲ?" ಎಂದು ಕೇಳಿ. ಇಷ್ಟೇ. ಉತ್ತರ ನೀವು ಹೇಳಬೇಡಿ, ಅವಳು ತಡಮಾಡಿದರೂ ಕಾಯಿರಿ. ಮೊಬೈಲ್‌ನ ಹೆಸರುಗಳು ತಾವಾಗಿ ಜಾರಿಹೋಗುತ್ತವೆ, ಏಕೆಂದರೆ ಮೆಣಸಿನಕಾಯಿಯ ಬಗ್ಗೆ ಅವರು ಯಾವ ವಿಡಿಯೊದಲ್ಲೂ ನೋಡಿರುವುದಿಲ್ಲ.

ಮಗ ಕೊನೆಯನ್ನು ಹೇಳಲಿ. ಅಣ್ಣ ತಂಗಿ ಸೇರಿ ಒಂದು ಕಥೆ ಆಗಲಿ. ಮನೆಯಲ್ಲಿ ಯಾವ ಭಾಷೆ ಬಾಯಿಗೆ ಬರುತ್ತದೆಯೋ ಅದರಲ್ಲೇ ಇರಲಿ. ಶಾಲೆಯ ಮಾಧ್ಯಮದ ಚಿಂತೆ ಇಲ್ಲಿ ಬೇಡ.

ಅರಿವು ಕೇಂದ್ರ, ಶಹಾಪುರ ತಾಲ್ಲೂಕು

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. 2020ರಲ್ಲಿ "ಓದುವ ಬೆಳಕು" ಎಂಬ ಮಕ್ಕಳ ಓದಿನ ಕಾರ್ಯಕ್ರಮ ಆರಂಭವಾದ ಮೇಲೆ ಮಕ್ಕಳು ಸಂಜೆ ನಮ್ಮಲ್ಲಿಗೆ ಬರುವುದು ಹೆಚ್ಚಾಯಿತು. ನನಗೆ ಕಂಡ ಒಂದು ತೊಡಕು ಹೇಳುತ್ತೇನೆ, ಇದರ ಬಗ್ಗೆ ಇಲ್ಲಿ ಇನ್ನೂ ಯಾರೂ ಬರೆದಿಲ್ಲ. ವಿಷಯ ಕೊಡುವ ರೀತಿ.

ನಮ್ಮ ಊರಿನ ಸುತ್ತ ಕಥೆಗೆ ಬರವಿಲ್ಲ. ಶಹಾಪುರದಲ್ಲಿ ಬುದ್ಧ ಮಲಗಿದ ಬೆಟ್ಟ ಇದೆ, ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಸುರಪುರದ ನಾಯಕರ ಕೋಟೆ ಇದೆ. ಆದರೆ "ಸುರಪುರದ ಕೋಟೆಯ ಬಗ್ಗೆ ಕಥೆ ಬರೆಯಿರಿ" ಎಂದರೆ ಮಕ್ಕಳು ಮಾಹಿತಿ ಬರೆಯುತ್ತಾರೆ. ಕೋಟೆ ಎಲ್ಲಿದೆ, ಯಾರು ಕಟ್ಟಿಸಿದರು, ನೋಡಲು ಸುಂದರವಾಗಿದೆ. ವಿಷಯ ದೊಡ್ಡದಾದಷ್ಟೂ ಮಗು ಪಾಠಪುಸ್ತಕದ ಕಡೆಗೆ ಓಡುತ್ತದೆ. "ಕೋಟೆಯ ಮೆಟ್ಟಿಲ ಮೇಲೆ ಒಂದೇ ಚಪ್ಪಲಿ ಕಳೆದುಕೊಂಡ ಹುಡುಗಿ" ಎಂದು ಕೊಟ್ಟು ನೋಡಿ. ಕೂಡಲೇ ಪ್ರಶ್ನೆಗಳು ಬರುತ್ತವೆ. ಇನ್ನೊಂದು ಚಪ್ಪಲಿ ಏನು ಮಾಡಿದಳು? ಬರಿಗಾಲಲ್ಲಿ ಕಲ್ಲು ಸುಡಲಿಲ್ಲವೇ? ಕೋತಿ ಒಯ್ದಿತೇ? ಅವ್ವನಿಗೆ ಏನು ಹೇಳಿದಳು?

ಬೀದರ್‌ನವರಿಗೆ ಝರಣಿ ನರಸಿಂಹ ಇದೆಯಲ್ಲ. ಗವಿಯೊಳಗೆ ದೊಡ್ಡವರಿಗೇ ಎದೆಮಟ್ಟ ನೀರು, ಮಕ್ಕಳು ಅಪ್ಪನ ಹೆಗಲ ಮೇಲೆ ಕುಳಿತು ದೇವರ ಹತ್ತಿರ ಹೋಗುತ್ತಾರೆ, ತಲೆಯ ಮೇಲೆ ಬಾವಲಿ. ದೇವಸ್ಥಾನದ ಮಹಿಮೆ ಬರೆಸಬೇಡಿ. "ಹೆಗಲಿನಿಂದ ಇಳಿದು ತಾನೇ ನಡೆಯಬೇಕು ಎಂದು ಹಟ ಹಿಡಿದ ಮಗು" ಎನ್ನಿ. ಬಯಕೆ, ಅಡ್ಡಿ, ಪ್ರಯತ್ನ ಮೂರೂ ಒಂದೇ ಸಾಲಿನಲ್ಲಿ ಸಿಕ್ಕುತ್ತವೆ.

ಸ್ಥಳ ಪರಿಚಿತವಾಗಿರಬೇಕು, ಬಯಕೆ ಸಣ್ಣದಾಗಿರಬೇಕು. ನಾನು ಕಂಡುಕೊಂಡಿರುವುದು ಇದು.

ತರಬೇತಿ ಕೇಂದ್ರದ ಉಪನ್ಯಾಸಕಿ, ಕಲಬುರಗಿ

ಚರ್ಚೆ ಓದುತ್ತಿದ್ದೇನೆ, ಬಹಳ ಸಂತೋಷವಾಗುತ್ತಿದೆ. ನೀವೆಲ್ಲ ತರಗತಿಯಲ್ಲಿ ಕಂಡುಕೊಂಡದ್ದಕ್ಕೆ ಸಂಶೋಧನೆಯ ಆಧಾರವೂ ಇದೆ. 1979ರಲ್ಲಿ ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ ಎಂಬ ಇಬ್ಬರು ಅಮೆರಿಕದ ಒಂದನೇ ಮತ್ತು ಐದನೇ ತರಗತಿಯ ಮಕ್ಕಳಿಗೆ ಕಥೆ ಹೇಳಿ, ಅವರಿಂದ ಮರಳಿ ಹೇಳಿಸಿ ನೋಡಿದರು. ಅವರು ಕಥೆಯನ್ನು ಸನ್ನಿವೇಶ, ಕಥೆಯನ್ನು ಹೊರಡಿಸುವ ಘಟನೆ, ಪಾತ್ರದ ಒಳಮನಸ್ಸು, ಪ್ರಯತ್ನ, ಫಲ, ಅದಕ್ಕೆ ಪಾತ್ರದ ಪ್ರತಿಕ್ರಿಯೆ ಎಂದು ಬಿಡಿಸಿದ್ದರು. ಮಕ್ಕಳು ಮರಳಿ ಹೇಳುವಾಗ ಘಟನೆ, ಫಲ ಉಳಿಯುತ್ತವೆ. ಹೆಚ್ಚಾಗಿ ಬಿಟ್ಟುಹೋಗುವುದು ಪಾತ್ರದ ಒಳಮನಸ್ಸು.

ಮೊದಲ ಬರಹದ ಹುಡುಗನನ್ನು ನೋಡಿ. ಹೋದೆವು, ಉಂಡೆವು, ಬಂದೆವು ಎಂಬುದರಲ್ಲಿ ಘಟನೆ ಇದೆ. ಹೆದರಿ ಅಡಗಿದ್ದು ಇಲ್ಲ. ಆದ್ದರಿಂದ ನಾಲ್ಕು ಚೌಕದ ಜೊತೆಗೆ ನನ್ನದೊಂದು ಸಣ್ಣ ಸೇರ್ಪಡೆ: ಪ್ರತಿ ಚೌಕದ ಮೂಲೆಯಲ್ಲಿ ಒಂದು ಪುಟ್ಟ ಮುಖ ಬರೆಯಿಸಿ. ಆ ಹೊತ್ತಿನಲ್ಲಿ ಪಾತ್ರದ ಮುಖ ಹೇಗಿತ್ತು ಎಂದು. ನಗು, ಅಳು ಎರಡೇ ಬಂದರೆ ಸಾಕೆನ್ನಬೇಡಿ. ನಾಚಿಕೆ, ಹೊಟ್ಟೆಕಿಚ್ಚು, ಆಸೆ, ಬೇಸರ ಹೇಗೆ ಕಾಣುತ್ತವೆ ಎಂದು ಮುಖ ಮಾಡಿ ತೋರಿಸಲು ಹೇಳಿ. ಮಕ್ಕಳಿಗೆ ಅದು ಆಟ.

ಇನ್ನೊಂದು, ಚೌಕದಿಂದ ಚೌಕಕ್ಕೆ ಒಂದು ಬಾಣ. ಬಾಣದ ಮೇಲೆ ಬೆರಳಿಟ್ಟು "ಇದು ಆದದ್ದರಿಂದ ಅದು ಆಯಿತೇ?" ಎಂದು ಕೇಳಿ. ಮಗು ಕಾರಣ ಹೇಳಿದರೆ ಕಥೆ ಕೂಡಿಕೊಂಡಿದೆ. ಸುಮ್ಮನೆ ನಿಮ್ಮ ಮುಖ ನೋಡಿದರೆ ನಡುವೆ ಏನೋ ಬಿಟ್ಟುಹೋಗಿದೆ.

ತೊಗರಿಹೊಲ, ಚಿತ್ತಾಪುರ ತಾಲ್ಲೂಕು

ಎಲ್ಲರಿಗೂ ಕೈಮುಗಿಯುತ್ತೇನೆ. ತರಗತಿಯಲ್ಲಿ ಮಾಡಿ ನೋಡಿದೆ, ಅದನ್ನು ಹೇಳಲೇಬೇಕು.

ನಮ್ಮಲ್ಲಿ ಹಾಳೆಗೆ ಕೊರತೆ. ಆದರೆ ನಮ್ಮ ತರಗತಿಯ ನೆಲ ಶಹಾಬಾದ್ ಪರಸಿ ಕಲ್ಲಿನದು. ಚೌಕ ಚೌಕವಾಗಿ ತಾನಾಗಿಯೇ ಇದೆ! ಪ್ರತಿ ಜೋಡಿ ಮಕ್ಕಳಿಗೆ ನಾಲ್ಕು ಕಲ್ಲು, ಒಂದು ಸೀಮೆಸುಣ್ಣ. ಚಿತ್ರ ಬರೆದಾದ ಮೇಲೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುತ್ತಾ ಕಥೆ ಹೇಳಬೇಕು. ಮೂರನೇ ಕಲ್ಲಿನ ಮೇಲೆ ಗುರುಗಳು ಹೇಳಿದಂತೆ ಮೂರು ಸಲ ಕುಣಿಯಬೇಕು, ಪ್ರತಿ ಕುಣಿತಕ್ಕೆ ಒಂದು ಪ್ರಯತ್ನ. ಒಂದನೇ ತರಗತಿಯವರು ಅಕ್ಷರ ಬಾರದಿದ್ದರೂ ಸರಾಗವಾಗಿ ಸೇರಿಕೊಂಡರು. ಎಲ್ಲ ತರಗತಿಗಳು ಒಟ್ಟಿಗೆ ಕುಳಿತಿರುವುದು ಇಲ್ಲಿ ಲಾಭವೇ ಆಯಿತು: ಚಿಕ್ಕವರು ಹೇಳುತ್ತಾರೆ, ದೊಡ್ಡವರು ಚಿತ್ರ ಬರೆಯುತ್ತಾರೆ.

ಅಂಬಲಿಯ ಹುಡುಗ ಎರಡನೇ ಕಲ್ಲಿನಲ್ಲಿ ಹಳ್ಳ ಬರೆದು, ಅದರ ಮೂಲೆಯಲ್ಲಿ ಬರೆದ ಮುಖಕ್ಕೆ ಬಾಯಿಯೇ ಇರಲಿಲ್ಲ. ಯಾಕೆ ಎಂದರೆ "ಆಗ ನನಗೆ ಮಾತೇ ಬರಲಿಲ್ಲ ಟೀಚರ್" ಎಂದ. ಮರುದಿನ ಬರೆದ ಕಥೆಯಲ್ಲಿ ಆ ಸಾಲು ಇದೆ: "ಅಂಬಲಿ ಚೆಲ್ಲಿತು. ನನಗೆ ಮಾತು ಬರಲಿಲ್ಲ. ಅಜ್ಜ ಹಿಂದೆ ತಿರುಗಿ ನೋಡಿದರು." ಒತ್ತಕ್ಷರ ಎರಡು ಕಡೆ ತಪ್ಪಿದೆ, ನಾನು ಅದನ್ನು ಮುಟ್ಟಿಲ್ಲ.

ಎರಡು ತೊಂದರೆ ಉಳಿದಿವೆ. ಒಂದು, ಪಕ್ಕದವರನ್ನು ನೋಡಿ ಹಲವರು ಅದೇ ಗುಬ್ಬಿಯನ್ನೇ ಬರೆಯುತ್ತಾರೆ. ಇನ್ನೊಂದು, ಸಂಜೆ ನೆಲ ಒರೆಸಿದರೆ ಕಥೆ ಹೋಯಿತು. ತನಿಖೆಗೆ ಬಂದವರಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಭೀಮಾತೀರ, ಯಾದಗಿರಿ

ನೆಲದ ಉಪಾಯ ಅದ್ಭುತ, ಅಕ್ಕನವರೇ. ನಕಲಿನ ಬಗ್ಗೆ ಹೆಚ್ಚು ಚಿಂತೆ ಬೇಡ. ಗುಬ್ಬಿ ಒಂದೇ ಇರಲಿ, "ನಿನ್ನ ಗುಬ್ಬಿಗೆ ಏನು ಬೇಕು?" ಎಂದು ಪ್ರತಿಯೊಬ್ಬರನ್ನೂ ಕಿವಿಯಲ್ಲಿ ಕೇಳಿ, ಉತ್ತರವನ್ನೂ ಕಿವಿಯಲ್ಲೇ ಹೇಳಲಿ. ಬಯಕೆ ಬೇರೆಯಾದರೆ ಕಥೆಯೂ ಬೇರೆಯಾಗುತ್ತದೆ.

ದಾಖಲೆಗೆ ನಾನು ಹೀಗೆ ಮಾಡುತ್ತೇನೆ: ನೆಲದ ಚಿತ್ರಗಳ ಫೋಟೊ ತೆಗೆದುಕೊಳ್ಳುತ್ತೇನೆ, ಹಾಳೆ ಇದ್ದ ದಿನ ಹಾಳೆಯನ್ನೇ ಮಗುವಿನ ಕೃತಿ ಸಂಪುಟಕ್ಕೆ ಸೇರಿಸುತ್ತೇನೆ. ಪಕ್ಕದಲ್ಲಿ ಬರೆದ ಕಥೆ. ಎರಡನ್ನೂ ಒಟ್ಟಿಗೆ ನೋಡಿದ ಅಧಿಕಾರಿಗೆ ವಿವರಣೆ ಬೇಕಾಗುವುದಿಲ್ಲ. ಚಿತ್ರದ ಹಾಳೆಗೆ ಮಾತ್ರ ಅಂಕ ಬೇಡ, ಬಿದರಿಯವರು ಹೇಳಿದ ಕಾರಣಕ್ಕೆ.

ಬರೆಸುವ ದಿನ ಒಂದು ಚೌಕಕ್ಕೆ ಎರಡು ಅಥವಾ ಮೂರು ವಾಕ್ಯ ಸಾಕು. ಒಂದು ಚೌಕವನ್ನು ಬಾಯಿಂದ ಪಕ್ಕದವರಿಗೆ ಹೇಳಿ, ಕೂಡಲೇ ಅದನ್ನು ಬರೆದು, ಆಮೇಲೆ ಮುಂದಿನ ಚೌಕ. ನಾಲ್ಕನ್ನೂ ಹೇಳಿ ಮುಗಿಸಿ ಬರೆಯಲು ಕುಳಿತರೆ ಮತ್ತೆ ಹೋದೆವು, ಉಂಡೆವು, ಬಂದೆವು ಆಗುತ್ತದೆ.

ಆಳಂದದ ನಿವೃತ್ತ ಗುರು

ತಂಗಿ, ಬಾಯಿ ಇಲ್ಲದ ಮುಖದ ಸಂಗತಿ ಓದಿ ಮನಸ್ಸು ತುಂಬಿತು. ಪ್ರತಿಭಾ ಕಾರಂಜಿಗೆ ಕಥೆ ಹೇಳುವ ಮಕ್ಕಳನ್ನು ತಯಾರು ಮಾಡುವಾಗಲೂ ಇದನ್ನೇ ಮಾಡಿ. ಅಲ್ಲಿ ನಮ್ಮ ಮಕ್ಕಳು ಉರು ಹೊಡೆದು ಹೋಗುತ್ತಾರೆ. ನಡುವೆ ಒಂದು ಪದ ಮರೆತರೆ ನಿಂತುಬಿಡುತ್ತಾರೆ, ಕಣ್ಣೀರು ಬರುತ್ತದೆ. ಪದದ ಬದಲು ನಾಲ್ಕು ಚಿತ್ರ ನೆನಪಿದ್ದರೆ ಯಾವ ಮಾತಿನಲ್ಲಾದರೂ ಮುಂದುವರಿಯಬಹುದು.

ಕಾಗಿಣಾ ದಂಡೆ, ಸೇಡಂ ತಾಲ್ಲೂಕು

ಬಿದರಿಯವರು ಹೇಳಿದ ಎರಡು ಪ್ರಶ್ನೆ ಕೇಳಿದೆ. ಮರಿಗೆ ಏನು ಬೇಕು ಎಂದರೆ "ಅದಕ್ಕೆ ಅದರ ತಾಯಿ ಇಲ್ಲಿದೆ" ಎಂದಳು. ಹುಡುಗಿಗೆ ಏನು ಬೇಕು ಎಂದರೆ ಉತ್ತರ ಹೇಳದೆ ಹಾಳೆ ತೆಗೆದುಕೊಂಡು ಹೋಗಿ, ನಾಲ್ಕನೇ ಚೌಕದಲ್ಲಿ ಟೆಂಪೊ ಮತ್ತು ರಸ್ತೆ ಬರೆದಳು. ಮರಿಯನ್ನು ತಾಯಿಯ ಹತ್ತಿರ ಬಿಟ್ಟು ಹಗ್ಗವನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಕನ್ನಡದಲ್ಲಿ ಬರೆಯುವಾಗ ನನ್ನ ಹತ್ತಿರ ಬಂದು ಕೇಳಿದ ಪದಗಳು ಎರಡು: ಹಗ್ಗ, ಬಿಚ್ಚು.

ಅವರ ಮನೆಯವರು ಹೊರಡುವ ಮುಂಚೆ ಕಥೆಯ ಇನ್ನೊಂದು ಪ್ರತಿ ಮಾಡಿ ಅವಳ ಚೀಲದಲ್ಲಿ ಇಟ್ಟಿದ್ದೇನೆ. ಹೋದ ಊರಿನಲ್ಲಿ ಶಾಲೆಗೆ ಸೇರಿಸಿಕೊಂಡರೆ ಅಲ್ಲಿನವರಿಗೆ ತೋರಿಸಲಿ ಎಂದು.

ತೊಗರಿಹೊಲ, ಚಿತ್ತಾಪುರ ತಾಲ್ಲೂಕು

ಅಣ್ಣ, ಆ ಪ್ರತಿ ಇಟ್ಟದ್ದು ಬಹಳ ಒಳ್ಳೆಯ ಕೆಲಸ. ನಮ್ಮ ಊರಿನಿಂದಲೂ ಪುಣೆ, ಮುಂಬೈಗೆ ಹೋಗುವ ಮಕ್ಕಳಿದ್ದಾರೆ, ಅವರಿಗೂ ಹಾಗೆಯೇ ಮಾಡುತ್ತೇನೆ.

ಮುಂದಿನ ಕ್ಲಸ್ಟರ್ ಸಭೆಯಲ್ಲಿ ಈ ನಾಲ್ಕು ಚೌಕವನ್ನು ಬೇರೆ ಶಾಲೆಯವರಿಗೆ ತೋರಿಸಲು ಅವಕಾಶ ಕೇಳಿದ್ದೇನೆ. ನಿಮ್ಮ ತರಗತಿಯ ಹಾಳೆಗಳ ಫೋಟೊ ಇದ್ದರೆ ಮಕ್ಕಳ ಹೆಸರು ಕಾಣದಂತೆ ಇಲ್ಲಿ ಹಾಕಿ. ಮೂರನೇ ಚೌಕದಲ್ಲಿ ಎರಡು ಸಲ ಸೋತು ಮೂರನೇ ಸಲ ಗೆದ್ದ ಹಾಳೆಗಳು ಸಿಕ್ಕರೆ ಇನ್ನೂ ಒಳ್ಳೆಯದು, ಅದನ್ನು ಬಾಯಲ್ಲಿ ವಿವರಿಸುವುದು ಕಷ್ಟ. ಲಂಬಾಣಿ, ಉರ್ದು, ಮರಾಠಿ, ತೆಲುಗು ಮನೆಮಾತಿನ ಮಕ್ಕಳ ಹಾಳೆಗಳನ್ನು ಮೊದಲು ಕಳುಹಿಸಿ.